ನಾಯಿಗೆ ಅಂಟಿನುಂಡಿ

ನಾನು ಮೊದಲೇ ಹೇಳಿದ್ದೆ. ಸಿದ್ದಲಿಂಗವ್ವನ ಮನೆಗೆ ಹೆಣ್ಣು ಕೊಡಬೇಡ, ಬೇಕಾದರೆ ಹಾಳು ಬಾವಿಗೆ ನೂಕು ಎಂದು ಕನ್ನೊಳ್ಳಿಗೆ ಹೋಗಿ ನನ್ನ ಅಕ್ಕನ ಎದುರು ಕೂತು ಹೇಳಿ ಬಂದಿದ್ದೆ. ಅಕ್ಕನ ಕಣ್ಣಿಗೆ ಬಿದ್ದದ್ದು ಮಸೂತಿ ಊರಿನ ಎರೆ ಹೊಲ, ಹಟ್ಟಿಯ ತುಂಬ ಎಮ್ಮೆ, ತುಂಬಿದ ಉಗ್ರಾಣ. ಆ ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ನನಗೆ ಗೊತ್ತಿತ್ತು. ನಾನು ಅದೇ ಓಣಿಗೆ, ಅದೇ ಗೋಡೆಯ ಈಚೆಯ ಮನೆಗೆ ಮದುವೆಯಾಗಿ ಬಂದವಳು. ಆದರೆ ಬಡ ತಂಗಿಯ ಮಾತಿಗೆ ಎಲ್ಲಿಯ ಬೆಲೆ? ಗುರವ್ವನಿಗೆ ಹೊಟ್ಟೆಕಿಚ್ಚು ಎಂದು ಮಂದಿ ಆಡಿಕೊಂಡರು. ಅಕ್ಕನ ಮಗಳು ಶಂಕ್ರೆವ್ವ ಬಸಂತರಾಯನ ಹೆಂಡತಿಯಾಗಿ ನನ್ನ ಗೋಡೆಯ ಆಚೆಗೆ ಬಂದಳು.

ಮೊದಲನೆಯದು ಹೆಣ್ಣಾಯಿತು. ಅದು ಕನ್ನೊಳ್ಳಿಯಲ್ಲಿ ಹುಟ್ಟಿ, ಅಲ್ಲಿಯೇ ಅಜ್ಜಿಯ ಹತ್ತಿರ ಬೆಳೆಯುತ್ತಿತ್ತು. ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕೆಂದು ಸಿದ್ದಲಿಂಗವ್ವ ಹಟ ಹಿಡಿದಳು. ಎಪ್ಪತ್ತಾರನೇ ಇಸವಿಯ ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಅದೂ ಹೆಣ್ಣಾಯಿತು. ಅತ್ತೆ ಕೋಣೆಯ ಬಾಗಿಲಿಗೆ ಬಂದು ಇಣುಕಿದಳು. "ಮತ್ತ ಅದ" ಎಂದಳು, ಹೋದಳು. ಬೆಲ್ಲ ಹಂಚಲಿಲ್ಲ.

ಅದೇ ವಾರ ಬಸಂತರಾಯ ಸೊಲ್ಲಾಪುರಕ್ಕೆ ಶೇಂಗಾ ಮಾರಲು ಹೋದವನು ಬಗಲಲ್ಲಿ ಒಂದು ನಾಯಿಮರಿ ಇಟ್ಟುಕೊಂಡು ಬಂದ. ಅಲ್ಲಿಯ ಯಾವುದೋ ಸಾಹುಕಾರನ ಬಂಗಲೆಯಲ್ಲಿ ಅದರ ತಾಯಿಯನ್ನು ನೋಡಿದನಂತೆ. ಗ್ರೇಟ್ ಡೇನ್ ಎಂಬ ಜಾತಿ, ನಿಂತರೆ ಗಂಡಸಿನ ನಡುವಿಗೆ ಬರುತ್ತದೆ, ಕರುವೆಂದೇ ತಿಳಿಯಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಬರುವ ದಾರಿಯಲ್ಲಿ ಇಂಡಿಯಲ್ಲಿ ಇಳಿದು ಅಡತಿ ಅಂಗಡಿಯ ಚಂದಪ್ಪನ ಗಾದಿಯ ಮೇಲೆ ಆ ಮರಿಯನ್ನು ಬಿಟ್ಟು, ಹತ್ತು ಮಂದಿಯ ಎದುರು ಸವಾಲು ಹಾಕಿ ಬಂದಿದ್ದ. "ದೀಪಾವಳಿ ಪಾಡ್ಯಾಕ್ಕ ನಮ್ಮ ಮನಿಗೆ ಊಟಕ್ಕ ಬರ್ರಿ. ಅಷ್ಟ್ರಾಗ ಇದು ನನ್ನ ನಡಾ ಮುಟ್ಟಲಿಲ್ಲಂದ್ರ ಮೀಸಿ ತಗಸ್ತೇನಿ" ಎಂದಿದ್ದನಂತೆ. ಹೆಂಡತಿ ಹೆತ್ತ ಕೂಸಿನ ಮುಖವನ್ನು ಅವನು ನೋಡಿದ್ದು ಮರಿಯನ್ನು ಪಡಸಾಲೆಯಲ್ಲಿ ಕಟ್ಟಿ, ಅದಕ್ಕೆ ಗೋಣಿಚೀಲ ಹಾಸಿ, ಸುಲ್ತಾನ ಎಂದು ಹೆಸರಿಟ್ಟ ಮೇಲೆ.

ಅಕ್ಕ ಸಿಂದಗಿಯ ಬಸ್ಸು ಹಿಡಿದು ಬಂದಳು. ದೊಡ್ಡ ತಗಡಿನ ಡಬ್ಬಿಯ ತುಂಬ ಅಂಟಿನುಂಡಿ ತಂದಿದ್ದಳು. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ. ಬಾಣಂತಿಯ ನಡು ಗಟ್ಟಿಯಾಗುವುದು ಅದರಿಂದ, ಎದೆಗೆ ಹಾಲು ಇಳಿಯುವುದು ಅದರಿಂದ. ನಮ್ಮ ಕಡೆ ಎಂಥ ಬಡವಿಯೂ ಮಗಳ ಬಾಣಂತನಕ್ಕೆ ನಾಲ್ಕು ಉಂಡಿ ಕಟ್ಟದೆ ಬಿಡುವುದಿಲ್ಲ. ಸಿದ್ದಲಿಂಗವ್ವ ಡಬ್ಬಿಯನ್ನು ಎರಡೂ ಕೈಯಿಂದ ಇಸಿದುಕೊಂಡಳು. "ದಿನಾ ಮುಂಜಾನೆ ಒಂದ ಕೊಡ್ತೇನಿ ಬೀಗತಿ, ನೀ ಕಾಳಜಿ ಮಾಡಬ್ಯಾಡ" ಎಂದು ಉಗ್ರಾಣಕ್ಕೆ ಒಯ್ದಳು, ಬೀಗ ಹಾಕಿದಳು. ಅಕ್ಕ ಸಮಾಧಾನದಿಂದ ಊರಿಗೆ ಹೋದಳು. ಅವಳಷ್ಟು ಪೆದ್ದಿಯನ್ನು ನಾನು ಕಂಡಿಲ್ಲ.

ಈ ಕಡೆ ನಾಯಿಗೆ ಏನು ಹಾಕಬೇಕು ಎಂಬುದು ಆ ಮನೆಯ ದೊಡ್ಡ ಮಾತಾಯಿತು. ಮೊದಲ ದಿನ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಕಲಸಿ ಇಟ್ಟರು, ಮರಿ ಮೂಸಿ ನೋಡಿ ಮಲಗಿತು. ಕುಸ್ತಿ ತಾಲೀಮಿನ ಜೈನುದ್ದೀನ ಬದಾಮು ಅರೆದು ಹಾಲಿಗೆ ಹಾಕಿ ಕೊಡಿ ಎಂದ. ಆಗ ಬಾಗೇವಾಡಿಗೆ ಮುದ್ದೇಬಿಹಾಳದಿಂದ ವರ್ಗವಾಗಿ ಬಂದಿದ್ದ ದನದ ಡಾಕ್ಟರು ದನಗಳಿಗೆ ಸೂಜಿ ಹಾಕಲು ಊರಿಗೆ ಬಂದಿದ್ದರು. ಬಸಂತರಾಯ ಅವರನ್ನು ಕರೆತಂದು ಮರಿಯನ್ನು ತೋರಿಸಿದ. ಕೂಸನ್ನು ಎರೆಯಲು ದಿನಾ ಹೋಗುತ್ತಿದ್ದ ನಾನು ಆಗ ಒಳಗೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದೆ. ಶಂಕ್ರೆವ್ವ ಹೊರಸಿನ ಮೇಲೆ ಕೂತಿದ್ದಳು. ಡಾಕ್ಟರು ಆಡಿದ ಒಂದೊಂದು ಮಾತೂ ನಮ್ಮಿಬ್ಬರಿಗೂ ಕೇಳಿಸಿತು.

"ಇದು ದೊಡ್ಡ ಜಾತಿ ಮರಿ ಐತ್ರಿ. ಇದನ್ನ ಲಗೂನ ಬೆಳಸಾಕ ಹೋಗಬ್ಯಾಡ್ರಿ. ಎಲುಬು ಇನ್ನೂ ಹಸೀ ಇರ್ತಾವ. ಮೈ ಭಾರ ಆತಂದ್ರ ಮುಂಗಾಲು ತಡ್ಯೂದಿಲ್ಲ, ಬಾಗಿ ಬಿಡ್ತಾವ. ಪಕ್ಕಡಿ ಎಲುಬು ಕೈಗೆ ಹತ್ತಬೇಕು, ಅಷ್ಟ ಹಾಕ್ರಿ. ಕುದಿಸಿದ ತತ್ತಿ, ಒಂದೀಟು ಖಂಡ, ನುಚ್ಚು, ಮಜ್ಜಿಗಿ."

"ನಮ್ಮ ಮನಿ ಹೊಸ್ತಿಲಾ ತತ್ತಿ ದಾಟಿಲ್ಲ ಡಾಕ್ಟರ್ರ" ಎಂದಳು ಸಿದ್ದಲಿಂಗವ್ವ.

"ಹಂಗಾದ್ರ ನುಚ್ಚು, ಬ್ಯಾಳಿ ಕಟ್ಟು, ಮಜ್ಜಿಗಿ. ಸಿಹಿ ಬ್ಯಾಡ, ತುಪ್ಪ ಬ್ಯಾಡ. ತೆಳ್ಳಗಿದ್ರ ಬದುಕ್ತೈತ್ರಿ ಯವ್ವಾ, ದಪ್ಪ ಮಾಡಿದ್ರ ಕುಂಟಾಗತೈತಿ."

ಡಾಕ್ಟರು ಓಣಿ ದಾಟುವುದನ್ನೇ ಕಾಯುತ್ತಿದ್ದಳು ಮುದುಕಿ. "ಪಕ್ಕಡಿ ಕೈಗೆ ಹತ್ತಬೇಕಂತ. ನಾಯಿ ತಂದದ್ದು ಮಂದಿಗೆ ತೋರ್ಸಾಕೋ, ಪಕ್ಕಡಿ ಎಣಿಸಾಕೋ? ಎಲುಬು ಹಸೀ ಅದಾವು ಅಂತ ಅವನ ಅಂದ. ಹಡದಾಕಿ ಎಲುಬೂ ಹಸೀನ ಇರ್ತಾವು. ಅದಕ್ಕ ನಾವು ಏನ ಕೊಡ್ತೇವಿ? ಅಂಟಿನುಂಡಿ ಕೊಡ್ತೇವಿ. ನಮ್ಮ ಹಿರ್ಯಾರು ಹುಚ್ಚರಿದ್ರೇನು?" ಬಸಂತರಾಯನಿಗೆ ಇದು ಬಹಳ ಸರಿ ಎನಿಸಿತು. ಅವ್ವನ ಬುದ್ಧಿ ಯಾವ ಡಾಕ್ಟರಿಗೂ ಬರುವುದಿಲ್ಲ ಎಂದ. ಉಗ್ರಾಣದ ಬೀಗ ತೆರೆಯಿತು. ಎಮ್ಮೆಯ ಗಟ್ಟಿ ಹಾಲಿನಲ್ಲಿ ಉಂಡಿ ಪುಡಿ ಮಾಡಿ, ಮೇಲೆ ತುಪ್ಪ ಬಿಟ್ಟು ತಾಟು ಇಟ್ಟರು. ಮರಿ ತಾಟನ್ನು ನೆಕ್ಕಿ ತೊಳೆದಂತೆ ಮಾಡಿತು.

ಬಾಣಂತಿಯ ಪಾಲು ಬೇರೆ ಇತ್ತು. ಅರ್ಧ ರೊಟ್ಟಿ, ಮೆಣಸಿನ ಸಾರು, ಮಧ್ಯಾಹ್ನ ಒಂದು ಹಿಡಿ ಅನ್ನ. "ಪಥ್ಯಾ" ಎಂಬ ಒಂದು ಶಬ್ದವಿದೆಯಲ್ಲ, ಅದರ ಹೆಸರಿನಲ್ಲಿ ಎಷ್ಟು ಹೆಣ್ಣುಮಕ್ಕಳನ್ನು ಉಪವಾಸ ಕೆಡವಿದ್ದಾರೋ ಶಿವನೇ ಬಲ್ಲ. ಗಂಡು ಹೆತ್ತಿದ್ದರೆ ಪಥ್ಯದಲ್ಲಿ ತುಪ್ಪವೂ ಸೇರುತ್ತಿತ್ತು. ಕೋಣೆಯ ಬಾಗಿಲಿಗೆ ಎದುರಾಗಿಯೇ ನಾಯಿಯ ಗೂಟ. ಹುರಿದ ಕೊಬ್ಬರಿಯ ವಾಸನೆ ಎದ್ದಾಗಲೆಲ್ಲ ಶಂಕ್ರೆವ್ವ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಕೂಸು ಎದೆ ಚೀಪಿ ಚೀಪಿ ಬಿಟ್ಟು ಅಳುತ್ತಿತ್ತು. ಹಾಲು ಇಲ್ಲ. ಎಲ್ಲಿಂದ ಬರಬೇಕು, ಮೆಣಸಿನ ಸಾರಿನಿಂದಲೇ?

ನಾನು ಸೆರಗಿನಲ್ಲಿ ಹೋಳಿಗೆ ಕಟ್ಟಿಕೊಂಡು ಹೋದರೆ ಮುದುಕಿ ಬಾಗಿಲಲ್ಲೇ ಹಿಡಿದಳು. ಹೊರಗಿನ ತಿನಿಸು ಬಾಣಂತಿಗೆ ದೃಷ್ಟಿ ತರುತ್ತದಂತೆ. ನನಗೂ ಸಿಟ್ಟು ಬಂತು.

"ಸಿದ್ದಲಿಂಗವ್ವಾ, ತವರಿನಿಂದ ಬಂದ ಉಂಡಿ ಅವು. ಆಕಿ ಹೊಟ್ಟಿಗೆ ಹಾಕ್ರಿ, ನಾಯಿ ಹೊಟ್ಟಿಗಲ್ಲ."

"ಗುರವ್ವ, ನಿನ್ನ ಮನ್ಯಾಗ ನಾಯಿ ಇಲ್ಲ, ಅದಕ್ಕ ನಿನಗ ತಿಳ್ಯೂದಿಲ್ಲ. ಅದು ನಾಳೆ ನನ್ನ ಮಗನ ಮಾನಾ ಉಳಸೂದು. ಈ ಹೆಣ್ಣು ಕೂಸು ನಾಳೆ ಇನ್ನೊಬ್ಬರ ಮನಿಗೆ ಹೋಗೂದು. ಯಾವುದಕ್ಕ ಉಣಿಸಬೇಕು?"

ಶಂಕ್ರೆವ್ವ ಗಂಡನನ್ನು ಒಂದು ಮಾತು ಕೇಳಿದಳು. "ನನಗೂ ಒಂದೊಂದ ಉಂಡಿ ಕೊಡು ಅಂತ ನಿಮ್ಮ ಅವ್ವಗ ಹೇಳ್ರಿ. ಕೂಸಿಗೆ ಹಾಲಿಲ್ಲ." ಬಸಂತರಾಯ ನಾಯಿಯ ಕಿವಿ ತಿಕ್ಕುತ್ತ ಕೂತಿದ್ದ. ತಲೆ ಎತ್ತಲಿಲ್ಲ. "ಪಾಡ್ಯಾಕ್ಕ ಮಂದಿ ನಾಯಿ ನೋಡಾಕ ಬರ್ತಾರ. ನಿನ್ನ ಯಾರ ನೋಡಾಕ ಬರ್ತಾರ?" ಎಂದ. ನಗುತ್ತಲೇ ಅಂದ. ಆ ನಗುವಿಗೆ ಬೆಂಕಿ ಹಚ್ಚಬೇಕು.

ಮಳೆ ಹಿಡಿದ ಮೇಲೆ ಸಿದ್ದಲಿಂಗವ್ವನ ಮೊಣಕಾಲು ಹಿಡಿದವು. ದಿನಕ್ಕೆ ನಾಲ್ಕಾರು ಸಲ ಬಗ್ಗಿ ತಾಟು ಇಡುವುದು ಆಗಲಿಲ್ಲ. ಹಾಲು, ಉಂಡಿ ಎಲ್ಲ ಅಳೆದು ಕೊಟ್ಟು, ನಾಯಿಗೆ ಹಾಕುವ ಕೆಲಸವನ್ನು ಬಾಣಂತಿಗೆ ಒಪ್ಪಿಸಿದಳು. ಮುದುಕಿ ಅಡುಗೆಮನೆಗೆ ತಿರುಗುವಷ್ಟರಲ್ಲಿ ಶಂಕ್ರೆವ್ವ ಗೂಟದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ತಾಟಿನ ಮುಕ್ಕಾಲು ಪಾಲು ತಾನು ತಿನ್ನುತ್ತಿದ್ದಳು. ಉಳಿದದ್ದಕ್ಕೆ ತನ್ನ ಪಾಲಿನ ರೊಟ್ಟಿ ಮುರಿದು, ನೀರು ಬೆರೆಸಿ ಮರಿಗೆ ಹಾಕುತ್ತಿದ್ದಳು. ಮರಿ ಗುರ್ರೆನ್ನಲಿಲ್ಲ. ಅವಳು ತಿಂದು ಮುಗಿಸುವ ತನಕ ಬಾಲ ಆಡಿಸುತ್ತ ಕಾಯುತ್ತಿತ್ತು. ಆಮೇಲಾಮೇಲೆ ಅದಕ್ಕೆ ಎಂಥ ರೂಢಿಯಾಯಿತೆಂದರೆ, ಮೊದಲು ತಾಟು ಅದರ ಮುಂದೆ ಬಂದರೂ ಒಂದೆರಡು ಬಾಯಿ ತಿಂದು ಹಿಂದೆ ಸರಿದು ಅವಳ ಮುಖ ನೋಡುತ್ತಿತ್ತು. ಆ ಮನೆಯಲ್ಲಿ ಅವಳ ಪಾಲು ಅವಳಿಗೆ ಬಿಟ್ಟ ಜೀವ ಅದೊಂದೇ.

ಗೋಡೆಯ ಕಿಂಡಿಯಿಂದ ನಾನು ಇದೆಲ್ಲ ನೋಡಿದೆ. ನೋಡಿ ಸುಮ್ಮನಿದ್ದೆ, ಒಳಗೊಳಗೆ ಹಿಗ್ಗಿದೆ. ತಿನ್ನಲಿ, ಅವಳಪ್ಪನ ಮನೆಯದು.

ಒಂದು ತಿಂಗಳು ಎಲ್ಲ ಸರಿಹೋಯಿತು. ಎದೆ ತುಂಬಿ ಹಾಲು ಬಂತು. ಕೂಸು ಅಳು ಬಿಟ್ಟು ನಗುವುದನ್ನು ಕಲಿಯಿತು. ಎಣ್ಣೆ ಹಚ್ಚುವಾಗ ಅದರ ತೊಡೆಯ ಮಡಿಕೆಗಳಲ್ಲಿ ನನ್ನ ಬೆರಳು ಸಿಕ್ಕಿಕೊಳ್ಳುತ್ತಿತ್ತು. ನಾಯಿಯೂ ತೆಳ್ಳಗೆ, ಉದ್ದಕ್ಕೆ, ನೆಟ್ಟನೆಯ ಕಾಲಿನ ಮೇಲೆ ಎದ್ದು ಅಂಗಳದ ತುಂಬ ಓಡುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಡಾಕ್ಟರು ನಿಂತು ನೋಡಿ, "ಭೇಷ್ ಸಾಕೀರಿ, ಹೀಂಗ ಇಡ್ರಿ" ಎಂದು ಹೇಳಿ ಹೋದರು. ಮುದುಕಿ ಅಂಟಿನುಂಡಿಯ ಮಹಿಮೆ ಎಂದು ಓಣಿಗೆಲ್ಲ ಸಾರಿದಳು. ನಾನೂ ಹೌದೆಂದು ತಲೆ ಆಡಿಸಿದೆ.

ಸಿಕ್ಕಿಬಿದ್ದದ್ದು ನಾಯಿಯಿಂದಲ್ಲ, ಕೂಸಿನಿಂದ. ಒಂದು ದಿನ ಸಿದ್ದಲಿಂಗವ್ವ, ಅಂದು ಅವಳಿಗೆ ಏನು ಪ್ರೀತಿ ಉಕ್ಕಿತೋ, ಮೊಮ್ಮಗಳನ್ನು ಎತ್ತಿಕೊಂಡಳು. ಎತ್ತಿಕೊಂಡವಳು ಹಾಗೇ ನಿಂತಳು. ಕೆನ್ನೆ ಹಿಂಡಿದಳು, ತೋಳು ಹಿಂಡಿದಳು. ನಾನು ಅಲ್ಲಿಯೇ ಬಿಸಿನೀರು ತೋಡುತ್ತಿದ್ದೆ.

"ಅರ್ಧ ರೊಟ್ಟಿ ತಿಂದಾಕಿ ಕೂಸಿಗೆ ಈ ಖಂಡ ಎಲ್ಲಿಂದ ಬಂತು?" ಎಂದಳು.

ಮುದುಕಿಗೆ ಉತ್ತರ ಬೇಕಾಗಿರಲಿಲ್ಲ. ಮಧ್ಯಾಹ್ನ ಬಾಗಿಲ ಮರೆಯಲ್ಲಿ ನಿಂತು ಕಾದಳು. ತಾಟಿನಲ್ಲಿದ್ದ ಕೈಯನ್ನು ಹಾಗೆಯೇ ಹಿಡಿದು, ಬೆಲ್ಲ ಮೆತ್ತಿದ ಬೆರಳುಗಳನ್ನು ಮಗನಿಗೆ ತೋರಿಸಿದಳು. ಬಸಂತರಾಯ ಹೊಡೆಯಲಿಲ್ಲ. ಹೊಡೆದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. "ನಾಯಿ ತಾಟಿನಾಗ ಬಾಯಿ ಹಾಕಿದಾಕಿ ನನ್ನ ತಾಟಿಗೆ ಅನ್ನ ನೀಡಬ್ಯಾಡ" ಎಂದ. ಅಂದಿನಿಂದ ಅವಳಿಗೆ ಅಡುಗೆಮನೆ ಇಲ್ಲ, ಉಗ್ರಾಣದ ಕಡೆ ಹೆಜ್ಜೆ ಇಲ್ಲ, ಅರ್ಧ ರೊಟ್ಟಿ ಹಿತ್ತಲ ಕಟ್ಟೆಯ ಮೇಲೆ.

ಮುದುಕಿ ಇನ್ನೊಂದು ಶಿಕ್ಷೆ ಹುಡುಕಿದಳು. ನಾಯಿಯ ತಾಟನ್ನು ಸೊಸೆ ಎರಡೂ ಅಂಗೈಯ ಮೇಲೆ ಹಿಡಿದುಕೊಂಡು ಕೂಡಬೇಕು, ನಾಯಿ ಅದರಲ್ಲಿ ತಿನ್ನಬೇಕು, ತಾನು ಎದುರಿಗೆ ಮಣೆ ಹಾಕಿಕೊಂಡು ನೋಡಬೇಕು. ನಾಯಿ ಎಂದಿನಂತೆ ಒಂದೆರಡು ಬಾಯಿ ತಿಂದು ಹಿಂದೆ ಸರಿಯಿತು. ಅವಳ ಪಾಲಿಗೆ ಬಿಟ್ಟು ಮುಖ ನೋಡಿತು. "ನೋಡು, ಇದಕ್ಕೂ ಕಲಿಸ್ಯಾಳ" ಎಂದು ಮುದುಕಿ ಅದರ ಕತ್ತು ಹಿಡಿದು ಮೂತಿಯನ್ನು ತಾಟಿಗೆ ಒತ್ತಿದಳು. ಹೀಗೆ ದಿನಾ ಒತ್ತಿದಳು. ನಾಯಿ ಕಡೆಗೆ ಹಿಂದೆ ಸರಿಯುವುದನ್ನು ಮರೆಯಿತು.

ಹಾಲು ಬತ್ತಿತು. ಕೂಸಿಗೆ ಎಮ್ಮೆ ಹಾಲಿನಲ್ಲಿ ನೀರು ಬೆರೆಸಿ ಅರಳೆಯಿಂದ ಹಿಂಡಿದರು, ಅದೂ ನಾಯಿಗೆ ಹಾಕಿ ಉಳಿದದ್ದು. ಹೊಟ್ಟೆ ಕೆಟ್ಟಿತು. ನಾನು ಹೋಗಿ ಬಸಂತರಾಯನ ಕಾಲು ಹಿಡಿದೆ, ಬಾಗೇವಾಡಿಯ ದವಾಖಾನೆಗೆ ಒಯ್ಯೋಣ ಗಾಡಿ ಕಟ್ಟು ಎಂದೆ. ನಾಳೆ ನೋಡೋಣ ಎಂದ. ಕನ್ನೊಳ್ಳಿಗೆ ಹೇಳಿ ಕಳಿಸಿದೆ. ಅಕ್ಕ ಬಂದು ಮುಟ್ಟುವಷ್ಟರಲ್ಲಿ ಕೂಸನ್ನು ಮಣ್ಣಿಗೆ ಕೊಟ್ಟಾಗಿತ್ತು. ನನ್ನ ಬೆರಳು ಸಿಕ್ಕಿಕೊಳ್ಳುತ್ತಿದ್ದ ಆ ತೊಡೆಗಳು ಕೊನೆಗೆ ಕಡ್ಡಿಯಂತಾಗಿದ್ದವು. ಅದನ್ನು ಎರೆದು ಬಟ್ಟೆ ಸುತ್ತಿದವಳೂ ನಾನೇ.

ಅಕ್ಕ ಮಗಳನ್ನು ಕರೆದುಕೊಂಡು ಹೋಗುತ್ತೇನೆಂದು ಅತ್ತಳು. "ದೀಪಾವಳಿ ಆಗ್ಲಿ ಬೀಗತಿ, ಮನಿಗೆ ಮಂದಿ ಬರೂದೈತಿ" ಎಂದಳು ಸಿದ್ದಲಿಂಗವ್ವ. ವಿಚಿತ್ರವೆಂದರೆ ಶಂಕ್ರೆವ್ವ ಕೂಡ ತಾನು ಬರುವುದಿಲ್ಲ ಎಂದಳು. ಅವಳು ಅಳಲಿಲ್ಲ. ಎರಡು ದಿನ ಕಳೆದ ಮೇಲೆ ಎದ್ದು ಮುಖ ತೊಳೆದು ಅತ್ತೆಯ ಮುಂದೆ ಹೋಗಿ ನಿಂತಳು.

"ನಾಯಿಗೆ ಇನ್ನ ನಾನ ಹಾಕ್ತೇನ್ರಿ ಅತ್ತಿ. ನಾ ತಿನ್ನೂದಿಲ್ಲ. ಯಾರ ಸಲುವಾಗಿ ತಿನ್ಲಿ? ನೀವ ಕುಂತು ನೋಡ್ರಿ."

ಮುದುಕಿ ಕೂತು ನೋಡಿದಳು. ಮಾತು ಖರೆ ಇತ್ತು. ಸೊಸೆ ಒಂದು ಚೂರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ನೆಲದ ಮೇಲೆ ಕೂತು, ನಾಯಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತುಪ್ಪದಲ್ಲಿ ಅದ್ದಿದ ಉಂಡಿ ಮುರಿದು ಮುರಿದು ತುತ್ತು ಮಾಡಿ ಬಾಯಿಗೆ ಇಟ್ಟಳು. ಸಾಕೆಂದು ಅದು ಮುಖ ತಿರುಗಿಸಿದರೆ ಕತ್ತು ಸವರಿ, ಮುದ್ದು ಮಾಡಿ, ಮತ್ತೊಂದು ಇಟ್ಟಳು. ಅವಳ ಕೈಯಿಂದ ಬಂದದ್ದನ್ನು ಅದು ಬೇಡ ಎನ್ನಲಿಲ್ಲ. ಡಬ್ಬಿ ಖಾಲಿಯಾಯಿತು. ಮುದುಕಿ ಹೊಸದಾಗಿ ಅಂಟು, ಕೊಬ್ಬರಿ ತರಿಸಿದಳು. ಕುಟ್ಟಿದವಳು ಶಂಕ್ರೆವ್ವ, ಕಟ್ಟಿದವಳು ಶಂಕ್ರೆವ್ವ. "ಈಗ ಬುದ್ಧಿ ಬಂತು ನನ್ನ ಸೊಸಿಗೆ" ಎಂದು ಸಿದ್ದಲಿಂಗವ್ವ ಓಣಿಯಲ್ಲಿ ಹೊಗಳಿದಳು. ಉಗ್ರಾಣದ ಬೀಗದ ಕೈಯನ್ನೂ ಅವಳ ಕೈಗೆ ಕೊಟ್ಟಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಸೊಸೆಯ ಕಾಲ ಬಂದ ರೀತಿ ಅದು.

ನಾಯಿ ಕಣ್ಣಿಗೆ ಕಾಣುವಂತೆ ಉಬ್ಬಿತು. ಕೋಣದ ಕರುವಿನಂತೆ ಮೈ ತುಂಬಿತು. ಓಡುವುದನ್ನು ಬಿಟ್ಟಿತು. ಮುಂಗಾಲಿನ ಗಿಣ್ಣುಗಳಲ್ಲಿ ಬಾವು ಕಂಡಿತು. ಏಳುವಾಗ ಕುಂಯ್ ಎನ್ನುತ್ತಿತ್ತು. ನಾನು ಕಿಂಡಿಯಲ್ಲಿ ಮುಖ ಇಟ್ಟು ಕರೆದೆ.

"ಶಂಕ್ರೀ, ಸಾಕು ಮಾಡು. ಡಾಕ್ಟರ ಏನ ಹೇಳಿದ್ರು ಅನ್ನೂದು ನೀನೂ ಕೇಳಿದಿ."

ಅವಳು ತುತ್ತು ಮಾಡುವುದನ್ನು ನಿಲ್ಲಿಸಲಿಲ್ಲ. "ಕೇಳೇನಿ ಚಿಗವ್ವ" ಎಂದಳು.

"ಅದೇನು ಮಾಡೇತಿ ನಿನಗ? ನಿನ್ನ ಪಾಲು ನಿನಗ ಬಿಟ್ಟ ಪ್ರಾಣಿ ಅದು."

"ಹೌದು" ಎಂದಳು. ಇನ್ನೊಂದು ಉಂಡಿ ತೆಗೆದುಕೊಂಡಳು.

ನಾಯಿಯನ್ನು ಡಾಕ್ಟರಿಗೆ ತೋರಿಸೋಣವೇ ಎಂದು ಬಸಂತರಾಯ ಒಮ್ಮೆ ಕೇಳಿದ. ಪಕ್ಕಡಿ ಎಣಿಸುವವನು ಮತ್ತೆ ಯಾಕೆ, ಎಲುಬು ಬಲಿಯುವಾಗ ನೋವು ಇದ್ದದ್ದೇ ಎಂದಳು ತಾಯಿ. ಅಲ್ಲಿಗೆ ಮುಗಿಯಿತು.

ಪಾಡ್ಯದ ದಿನ ಇಂಡಿಯಿಂದ ಚಂದಪ್ಪ ತನ್ನ ಗೆಳೆಯರೊಂದಿಗೆ ಬಂದ. ಹೋಳಿಗೆ ಊಟವಾಯಿತು, ಎಲೆ ಅಡಿಕೆ ಆಯಿತು. ಪಡಸಾಲೆಯಲ್ಲಿ ಲೋಡಿಗೆ ಒರಗಿ ಕೂತ ಚಂದಪ್ಪ, "ಎಲ್ಲಿ ರಾಯರ, ನಿಮ್ಮ ಸುಲ್ತಾನನ್ನ ತೋರಸ್ರಿ. ಇಲ್ಲಾಂದ್ರ ಹಡಪದವ್ರನ್ನ ಕರಸ್ರಿ, ಮೀಸಿ ತಗ್ಯಾಕ" ಎಂದ. ಎಲ್ಲರೂ ನಕ್ಕರು. ಬಸಂತರಾಯ ಮೀಸೆ ತಿರುವುತ್ತ ಹೊಸ ಧೋತರ ಎತ್ತಿಕಟ್ಟಿ ಅಂಗಳದ ನಡುವೆ ನಿಂತು ಕರೆದ. ನಾನು ಒಳಬಾಗಿಲಲ್ಲಿ ಸಿದ್ದಲಿಂಗವ್ವನ ಬೆನ್ನ ಹಿಂದೆ ಇದ್ದೆ.

ಸುಲ್ತಾನ ಗೋಣಿಚೀಲದ ಮೇಲಿಂದ ಏಳಲು ನೋಡಿತು. ಹಿಂಗಾಲು ಎದ್ದವು. ಮುಂಗಾಲುಗಳು ಎರಡು ಕುಡುಗೋಲಿನಂತೆ ಹೊರಕ್ಕೆ ಬಾಗಿದ್ದವು. ಆ ಭಾರದ ಮೈಯನ್ನು ಅವು ಹೇಗೆ ಹೊತ್ತಾವು? ಎರಡು ಹೆಜ್ಜೆ ಎಳೆದು, ಗದ್ದ ಮೊದಲಾಗಿ ಕಲ್ಲಿನ ಮೇಲೆ ಬಿದ್ದಿತು. ಮತ್ತೆ ಎದ್ದಿತು, ಮತ್ತೆ ಬಿದ್ದಿತು. ಒಡೆಯ ಕರೆಯುತ್ತಿದ್ದಾನೆ ಎಂದು ಎದೆಯ ಮೇಲೆ ತೆವಳಿತು.

"ನಾಯಿ ಬಾಲ ಡೊಂಕು ಅಂತ ಕೇಳಿದ್ದೆ. ನೀವು ಕಾಲೂ ಡೊಂಕ ಮಾಡೀರಲ್ಲ" ಎಂದ ಚಂದಪ್ಪ. ಅವನ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬಸಂತರಾಯನ ಮುಖ ಸುಣ್ಣವಾಯಿತು. ತೆವಳಿ ಹತ್ತಿರ ಬಂದ ನಾಯಿಯ ಪಕ್ಕೆಗೆ ಜೋಡು ಮೆಟ್ಟಿದ ಕಾಲಿನಿಂದ ಒದ್ದ. ಅದು ಅರಚಿತು. "ಯಾರ ಹಾಳ ಮಾಡಿದ್ದು ಇದನ್ನ?" ಎಂದು ತಾಯಿಯ ಕಡೆ ತಿರುಗಿದ.

ಸಿದ್ದಲಿಂಗವ್ವ ತಡಮಾಡಲಿಲ್ಲ. "ನಾ ಏನ ಕಡಿಮಿ ಮಾಡೇನಿ? ಎಲುಬು ಬಲೀಲಿ ಅಂತ ಡಬ್ಬಿಗಟ್ಟಲೆ ಉಂಡಿ ಕೊಟ್ಟೇನಿ. ಇಕಿನ ಕದ್ದು ತಿಂದಿರಬೇಕು. ಕೇಳು ಇಕೀನ್ನ" ಎಂದು ಸೊಸೆಯ ರಟ್ಟೆ ಹಿಡಿದು ಅಂಗಳಕ್ಕೆ ತಳ್ಳಿದಳು.

ಶಂಕ್ರೆವ್ವ ಮಂದಿಯ ನಡುವೆ ನಿಂತಳು. ಕುಬಸದ ತೋಳು ಜೋತುಬಿದ್ದಿತ್ತು, ಒಳಗೆ ಕೈ ಇದೆಯೋ ಇಲ್ಲವೋ ಎನ್ನುವಂತೆ. ಸೆರಗಿನ ಮೇಲೆ ಕೊರಳ ಎಲುಬು ಎದ್ದು ಕಾಣುತ್ತಿತ್ತು. ಚಂದಪ್ಪನ ನಗು ನಿಂತಿತು. ಅವನು ಒಮ್ಮೆ ಅವಳನ್ನು ನೋಡಿದ, ಒಮ್ಮೆ ನಾಯಿಯನ್ನು ನೋಡಿದ, ಆಮೇಲೆ ನೆಲ ನೋಡಿದ.

"ನೀವು ಕೊಟ್ಟದ್ದೆಲ್ಲಾ ಅದರ ಹೊಟ್ಟ್ಯಾಗ ಐತ್ರಿ ಅತ್ತಿ" ಎಂದಳು ಶಂಕ್ರೆವ್ವ. ಅವಳ ದನಿ ಏರಲಿಲ್ಲ. "ನಾನೂ ತಿಂದಿಲ್ಲ, ನನ್ನ ಕೂಸೂ ತಿಂದಿಲ್ಲ."

ಒದೆ ತಿಂದ ನಾಯಿ ಒಡೆಯನನ್ನು ಬಿಟ್ಟು ಅವಳ ಕಡೆ ತೆವಳಿತು. ಅವಳ ಪಾದದ ಮೇಲೆ ಗದ್ದ ಇಟ್ಟು ಬಾಲ ಆಡಿಸಿತು. ಶಂಕ್ರೆವ್ವ ಬಗ್ಗಿ ಅದರ ತಲೆ ಸವರಿದಳು. ಸೊಂಟದಿಂದ ಬೀಗದ ಕೈ ತೆಗೆದಳು.

"ಮಧ್ಯಾಹ್ನದ್ದು ಇನ್ನೂ ಹಾಕಿಲ್ರಿ" ಎಂದಳು. "ಹಾಕ್ಲೇನ್ರಿ?"